ಅಪ್‌ಡೇಟ್: ಐಸ್‌ಲ್ಯಾಂಡಿನ ಸಿ1ಇ ತಾಯಿವಂಶ

ಐಸ್‌ಲ್ಯಾಂಡಿನ ಕೆಲವೇ ಮಂದಿಯಲ್ಲಿ ಕಂಡುಬಂದಿರುವ ಸಿ1ಇ ಎಂಬ ತಾಯಿವಂಶ (ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಡಿಎನ್‌ಎಯ ಒಂದು ಕವಲು), ವೈಕಿಂಗರು (ಸುಮಾರು ಸಾವಿರ ವರ್ಷ ಹಿಂದಿನ ಉತ್ತರ ಯುರೋಪಿನ ಕಡಲಯಾನಿಗಳು) ಅಮೆರಿಕದಿಂದ ಕರೆತಂದ ಹೆಣ್ಣೊಬ್ಬಳಿಂದ ಬಂದದ್ದಾ ಅಂತ ಇಲ್ಲಿ ಪ್ರಶ್ನೆ ಹಾಕಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆಮೇಲೆ ಕೂತು ಓದಿದಾಗ ತಿಳಿದದ್ದನ್ನು ಹೇಳುತ್ತೇನೆ.

2010ರಲ್ಲಿ ಸಂಶೋಧಕರು ಇದನ್ನು ಗುರುತಿಸಿದ್ದು 80ಕ್ಕೂ ಹೆಚ್ಚು ಜನರಲ್ಲಿ. ಆ ದೇಶದ ವಂಶಾವಳಿ ದಾಖಲೆಗಳು ಬೆರಗಾಗುವಷ್ಟು ಅಚ್ಚುಕಟ್ಟು: ತಾಯಿ, ಅವಳ ತಾಯಿ, ಅವಳ ತಾಯಿ ಅಂತ ಹಿಂದೆ ಹೋದರೆ ಸುಮಾರು 1700ರ ಕಾಲದ ನಾಲ್ಕು ಪೂರ್ವಜರಿಗೆ ಬಂದು ಮುಟ್ಟುತ್ತದೆ. ವಂಶ ಅದಕ್ಕೂ ಕೆಲವು ಶತಮಾನ ಮೊದಲೇ ಅಲ್ಲಿಗೆ ಬಂದಿರಬೇಕು ಅನ್ನುತ್ತಾರೆ. ಸಿ1ಇ ಎನ್ನುವುದು ಸಿ1 ಎಂಬ ದೊಡ್ಡ ತಾಯಿವಂಶದ ಒಂದು ಕವಲು. ಸಿ1ರ ಬಿ, ಸಿ, ಡಿ ಕವಲುಗಳು ಅಮೆರಿಕದ ಮೂಲನಿವಾಸಿಗಳವು, ಎ ಏಷ್ಯಾದ್ದು. ಇ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ನನ್ನ ಅಭಿಪ್ರಾಯ ತಿರುಗಿಸಿದ್ದು 2014ರ ಅಧ್ಯಯನ. ರಷ್ಯಾದ ಒನೇಗಾ ಸರೋವರದ ದ್ವೀಪವೊಂದರಲ್ಲಿ ಸುಮಾರು 7,500 ವರ್ಷ ಹಳೆಯ ಗೋರಿಗಳಿವೆ. ಅಲ್ಲಿನ ಎಲುಬಿನಲ್ಲಿ ಸಿ1ರದ್ದೇ ಸಿ1ಎಫ್ ಎಂಬ ಇನ್ನೊಂದು ಕವಲು ಸಿಕ್ಕಿತು. ಅಂದರೆ ವೈಕಿಂಗರು ಹುಟ್ಟುವುದಕ್ಕೂ ಸಾವಿರಾರು ವರ್ಷ ಮೊದಲೇ ಸಿ1 ಉತ್ತರ ಯುರೋಪಿನಲ್ಲಿತ್ತು. ಹಾಗಾಗಿ ನಾನೀಗ ಯುರೋಪಿನ ಮೂಲದ ಕಡೆಗೇ ವಾಲುತ್ತೇನೆ. 1021ರಲ್ಲಿ ವೈಕಿಂಗರು ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮರ ಕಡಿದದ್ದು ನಿಜ, ಆದರೆ ಅದಕ್ಕೂ ಈ ತಾಯಿವಂಶಕ್ಕೂ ನಂಟು ಕಟ್ಟಲು ಆಧಾರ ಸಾಲದು.