ಫೋನ್ ತಾಗೋ ಕಡೆನೇ ಕೆನ್ನೇಲಿ ತುರಿಕೆ, ಮೆಟಲ್ ಅಲರ್ಜಿನಾ?

ಪ್ರಶ್ನೆ: ನಮ್ಮಕ್ಕಂಗೆ ಬಲಗೆನ್ನೆ, ಕಿವಿ ಹತ್ರ ಕೆಂಪಗಾಗಿ ಸಣ್ಣ ಸಣ್ಣ ಗುಳ್ಳೆ ಎದ್ದು ಸಿಕ್ಕಾಪಟ್ಟೆ ತುರಿಕೆ, ಅವ್ಳು ಫೋನ್ ಹಿಡಿಯೋದೂ ಅದೇ ಕಡೆ, ಫೋನಿಂದ ಹೀಗಾಗುತ್ತಾ? ಗೊತ್ತಿದ್ದವ್ರು ಹೇಳಿ ಪ್ಲೀಸ್.

ಉತ್ತರ: ಆಗ್ಬಹುದು. ಫೋನ್ ಅಂಚಲ್ಲಿ, ಬಟನ್ನಲ್ಲಿ ನಿಕಲ್ ಅನ್ನೋ ಮೆಟಲ್ ಇದ್ರೆ ಬೆವರಿಗೆ ಸ್ವಲ್ಪ ಸ್ವಲ್ಪನೇ ಬಿಟ್ಕೊಂಡು ಚರ್ಮಕ್ಕೆ ಇಳಿಯುತ್ತೆ. ಆರ್ಟಿಫಿಷಿಯಲ್ ಓಲೆ, ಜೀನ್ಸ್ ಬಟನ್ ತಾಗಿದ ಕಡೆ ಮೊದ್ಲಿಂದ ತುರಿಕೆ ಇತ್ತಾ ಕೇಳಿ, ಇದ್ರೆ ನಿಕಲ್ ಮೇಲೆನೇ ಅನುಮಾನ ಜಾಸ್ತಿ.

ಉತ್ತರ: ನಿಕಲ್ ಇದ್ಯಾ ಅಂತ ನೋಡೋಕೆ ಡಿಎಂಜಿ ಟೆಸ್ಟ್ ಕಿಟ್ ಸಿಗುತ್ತೆ, ಅದ್ರಲ್ಲಿರೋ ದ್ರವ ಹತ್ತಿಗೆ ಹಾಕಿ ಫೋನ್ ಅಂಚಿಗೆ ಉಜ್ಜಿ, ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ನಿಕಲ್ ಬಿಡ್ತಿದೆ ಅಂತ. ಸದ್ಯಕ್ಕೆ ಕವರ್ ಹಾಕಿ, ಸ್ಪೀಕರಲ್ಲಿ ಮಾತಾಡ್ಲಿ.

ಉತ್ತರ: ಚರ್ಮದ ಡಾಕ್ಟರ್ ಹತ್ರ ಪ್ಯಾಚ್ ಟೆಸ್ಟ್ ಮಾಡ್ಸಿ, ಅಲರ್ಜಿ ತರೋ ವಸ್ತು ಹಾಕಿರೋ ಪಟ್ಟಿನ ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡ್ತಾರೆ. ಕೇಳ್ದೆ ಸ್ಟೀರಾಯ್ಡ್ ಕ್ರೀಮ್ ಮಾತ್ರ ಮುಖಕ್ಕೆ ಹಚ್ಬೇಡಿ, ಚರ್ಮ ತೆಳ್ಳಗಾಗುತ್ತೆ.