ಹೊಸ ಆಫ್‌ರೋಡ್ ಬೈಕ್ ತಗೊಳ್ಳಲಾ, ಟೂ ಸ್ಟ್ರೋಕ್‌ಗೆ ಕಾಯಲಾ? ಮಂಡ್ಯ–ಮೈಸೂರು ಕಡೆ ಓಡಿಸಿದವರ ಅನುಭವ

ಕೇಳಿದವರು, ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಮನೆ ಮಂಡ್ಯದ ಹತ್ತಿರ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ದಿನಾ ಹೋಗಿ ಬರೋದು ತೊಂಬತ್ತು ಕಿಲೋಮೀಟರ್ ಆಗುತ್ತೆ. ಭಾನುವಾರ ಸ್ನೇಹಿತರ ಜೊತೆ ಕುಂತಿಬೆಟ್ಟದ ಹಿಂದೆ, ತೊಣ್ಣೂರು ಕೆರೆ ಕಡೆ ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸೋ ಹುಚ್ಚು ಹಿಡಿದಿದೆ. ಈಗಿರೋ 125 ಸಿಸಿ ಗಾಡಿ ಅದಕ್ಕೆ ತಡೀತಿಲ್ಲ. ಕೈಯಲ್ಲಿ ಎರಡೂವರೆ ಲಕ್ಷ ಇದೆ, ಸಾಲ ಮಾಡಿದರೆ ಮೂರೂವರೆ. ಎಕ್ಸ್‌ಪಲ್ಸ್ 210, ಕವಾಸಾಕಿ ಕೆಎಲ್‌ಎಕ್ಸ್ 230, ಹಿಮಾಲಯನ್ 450, ಕೆಟಿಎಂ 390 ಎಂಡ್ಯೂರೋ ಆರ್, ನಾಲ್ಕೂ ತಲೆಯಲ್ಲಿ ಸುತ್ತುತ್ತಿವೆ. ಒಬ್ಬ ಸ್ನೇಹಿತ "ಫಾರಿನ್‌ನಲ್ಲಿ ಟೂ ಸ್ಟ್ರೋಕ್‌ಗೂ ಫ್ಯೂಯಲ್ ಇಂಜೆಕ್ಷನ್ ಬಂದಿದೆ, ಇಲ್ಲಿಗೂ ಬರುತ್ತೆ, ತಡಿ" ಅಂತಾನೆ. ಇನ್ನೊಂದು, ಕೊಟ್ಟಿಗೆಯಲ್ಲಿ ತಾತನ ಹಳೇ ಟೂ ಸ್ಟ್ರೋಕ್ ಬೈಕ್ ಯೆಜ್ಡಿ ರೋಡ್‌ಕಿಂಗ್ ಆರು ವರ್ಷದಿಂದ ನಿಂತಿದೆ. ಅದನ್ನೇ ರೆಡಿ ಮಾಡಿಸಿ ಮಣ್ಣಿಗಿಳಿಸಲಾ ಅಂತಲೂ ಅನ್ನಿಸುತ್ತೆ. ಓಡಿಸಿದವರು ಹೇಳಿ, ಪ್ಲೀಸ್.

ಪಾಂಡವಪುರದಿಂದ:

ತಮ್ಮ, ನೀನು ಹೇಳಿದ ದಾರಿಗಳಲ್ಲೇ ನಾನು ಹನ್ನೆರಡು ವರ್ಷದಿಂದ ಓಡಿಸ್ತಿದ್ದೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡ.

ಮೊದಲು ಒಂದು ಘಟನೆ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಇನ್ನೂರು ಕೆಜಿಯ ಗಾಡಿ ಇತ್ತು. ಟಾರ್ ರೋಡಲ್ಲಿ ಚಿನ್ನದಂಥ ಗಾಡಿ. ಭತ್ತದ ನಾಟಿ ಕಾಲ, ಮಳೆ ಬಂದು ನಿಂತಿತ್ತು, ಗದ್ದೆಗಳ ನಡುವಿನ ಬಂಡಿ ಜಾಡಿನಲ್ಲಿ ಒಬ್ಬನೇ ಹೋದೆ. ತಪ್ಪು ನನ್ನದೇ. ಮುಂದಿನ ಚಕ್ರ ಜಾಡಿಗೆ ಇಳೀತು, ಗಾಡಿ ಎಡಕ್ಕೆ ಮಲಗಿತು, ನನ್ನ ಕಾಲು ಅಡಿಗೆ ಸಿಕ್ಕಿಕೊಂಡಿತು. ಕೆಸರಿದ್ದದ್ದರಿಂದ ಮೂಳೆ ಮುರಿಯಲಿಲ್ಲ, ಆದರೆ ಅದೇ ಕೆಸರಿನಿಂದ ಗಾಡಿ ಅಲ್ಲಾಡಿಸೋಕೂ ಆಗಲಿಲ್ಲ. ಪಕ್ಕದ ಗದ್ದೆಯಲ್ಲಿ ಕಬ್ಬು ಕಡೀತಿದ್ದ ಇಬ್ಬರು ಓಡಿಬಂದು ಎತ್ತಿದರು. ಅಲ್ಲಿವರೆಗೆ ಸುಮಾರು ಮುಕ್ಕಾಲು ಗಂಟೆ ನಾನು ಅಲ್ಲೇ. ಅವತ್ತಿಂದ ಆಫ್‌ರೋಡ್ ಗಾಡಿ ಯಾವುದು ಒಳ್ಳೇದು ಅಂತ ಯಾರು ಕೇಳಿದರೂ ನಾನು ಕೇಳೋದು ಒಂದೇ: ಬಿದ್ದರೆ ನೀನೊಬ್ಬನೇ ಎತ್ತಬಲ್ಲೆಯಾ?

ಆ ಕಣ್ಣಲ್ಲಿ ನಿನ್ನ ನಾಲ್ಕು ಗಾಡಿ ನೋಡು.

ಹಿಮಾಲಯನ್ 450 ಬಂದದ್ದು 2023ರ ನವೆಂಬರ್‌ನಲ್ಲಿ. 452 ಸಿಸಿ, 40 ಪಿಎಸ್ (ಕುದುರೆ ಶಕ್ತಿ), ತೂಕ 196 ಕೆಜಿ. ಎಂಜಿನ್ ಬಹಳ ಚೆನ್ನಾಗಿದೆ, ಕೆಳಗಿನ ಗೇರಿನಲ್ಲಿ ಎಳೆತ ಇದೆ, ದೂರ ಹೋಗೋಕೆ ಸೊಗಸು. ಆದರೆ ನಿನ್ನ ದಿನದ ದಾರಿ ನೆನಪಿಸಿಕೋ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡ್ತಿಲ್ಲ. ನೀನು ಓಡಿಸೋದು ಸರ್ವಿಸ್ ರೋಡಿನಲ್ಲಿ, ಎತ್ತಿನಗಾಡಿ, ಕಬ್ಬಿನ ಟ್ರ್ಯಾಕ್ಟರ್, ಶಾಲೆ ಮಕ್ಕಳ ಮಧ್ಯೆ. ಅಲ್ಲಿ ಅರವತ್ತು ದಾಟೋದೇ ಕಮ್ಮಿ. 40 ಪಿಎಸ್ ಅಲ್ಲಿ ನಿನಗೆ ಏನು ಮಾಡಿಕೊಡುತ್ತೆ?

390 ಎಂಡ್ಯೂರೋ ಆರ್ ಅಂತೂ ಬೇರೆಯೇ ಜಾತಿ. 399 ಸಿಸಿ, 46 ಪಿಎಸ್, ಸೀಟಿನ ಎತ್ತರ 860 ಮಿಮೀ. 2025ರಲ್ಲಿ ಬಂದಾಗಲೇ ಶೋರೂಂ ಬೆಲೆ ಮೂರು ಲಕ್ಷ ದಾಟಿತ್ತು. ಮಣ್ಣಿನಲ್ಲಿ ಆಗಲೇ ಪಳಗಿದವನಿಗೆ ಅದು ಹಬ್ಬ. ಕಲಿಯೋನಿಗೆ ಕಲ್ಲಿನ ಮೇಲೆ ಕೈ ಸ್ವಲ್ಪ ತಿರುಗಿದರೂ ಹಿಂದಿನ ಚಕ್ರ ಪಕ್ಕಕ್ಕೆ ಹೋಗುತ್ತೆ. ಸಾಲ ಮಾಡಿ ಮೊದಲನೇ ಗಾಡಿಯಾಗಿ ಅದು ಬೇಡ ಅನ್ನೋದು ನನ್ನ ಮಾತು.

ಕೆಎಲ್‌ಎಕ್ಸ್ 230 ಸ್ನೇಹಿತನದ್ದು ಒಂದು ದಿನ ಓಡಿಸಿದೆ. ನಿಜ ಹೇಳ್ತೀನಿ, ಮನಸ್ಸು ಅಲ್ಲೇ ಉಳೀತು. 233 ಸಿಸಿ, ಗಾಳಿಯಿಂದ ತಣಿಯೋ ಸರಳ ಎಂಜಿನ್, 140 ಕೆಜಿ ಆಸುಪಾಸು. ಸೈಕಲ್ ತಿರುಗಿಸಿದ ಹಾಗೆ ತಿರುಗುತ್ತೆ. ತೊಣ್ಣೂರು ಕೆರೆ ಮೇಲಿನ ಬಂಡೆ ಏರಿನಲ್ಲಿ ನಾನು ಮೂರು ಸಲ ನಿಲ್ಲಿಸೋ ಜಾಗ ಒಂದೇ ಉಸಿರಿಗೆ ಹತ್ತಿತು. ಆದರೆ ಟ್ಯಾಂಕ್ 7.6 ಲೀಟರ್ ಅಷ್ಟೇ, ಸೀಟು 880 ಮಿಮೀ. ದಿನಾ ತೊಂಬತ್ತು ಕಿಲೋಮೀಟರ್ ಓಡಿಸೋನು ಎರಡು ದಿನಕ್ಕೊಮ್ಮೆ ಬಂಕಿನ ಮುಂದೆ ನಿಲ್ಲಬೇಕಾಗುತ್ತೆ, ಆ ತೆಳ್ಳಗಿನ ಸೀಟಿನಲ್ಲಿ ಸೊಂಟವೂ ನೋಯುತ್ತೆ. ಭಾನುವಾರಕ್ಕೆ ಮಾತ್ರ ಗಾಡಿ ಬೇಕಿದ್ದರೆ ಎರಡನೇ ಮಾತಿಲ್ಲದೆ ಇದನ್ನೇ ಹೇಳ್ತಿದ್ದೆ.

ಇನ್ನು ಎಕ್ಸ್‌ಪಲ್ಸ್. ನನ್ನ ಹತ್ತಿರ ಇರೋದು ಅದರ ಹಿಂದಿನ ಮಾಡೆಲ್, 200 4ವಿ. ಕಾಂಪೌಂಡ್ ಕಲ್ಲಿಗೆ ಗುದ್ದಿದ್ದೀನಿ, ನಾಲೆ ನೀರಲ್ಲಿ ಮುಳುಗಿಸಿದ್ದೀನಿ, ಇವತ್ತಿಗೂ ಬೆಳಿಗ್ಗೆ ಒಂದೇ ಒತ್ತಿಗೆ ಸ್ಟಾರ್ಟ್. ಅದರ ಕೊರತೆ ಒಂದೇ, ಉದ್ದ ದಾರಿಯಲ್ಲಿ ಎಂಬತ್ತು ದಾಟಿದರೆ ಏದುಸಿರು ಬಿಡುತ್ತೆ. 2025ರಲ್ಲಿ ಬಂದ 210ರಲ್ಲಿ ಅದನ್ನು ಸರಿಮಾಡಿದ್ದಾರೆ: ಕೂಲೆಂಟ್ ಇರೋ ಹೊಸ ಎಂಜಿನ್, ಆರನೇ ಗೇರು, 24.6 ಪಿಎಸ್. ಮುಂದಿನ ಸಸ್ಪೆನ್ಷನ್ 210 ಮಿಮೀ, ಮುಂದಿನ ಚಕ್ರ 21 ಇಂಚು. ತೂಕ 168 ಕೆಜಿ. ಕೆಎಲ್‌ಎಕ್ಸ್‌ನಷ್ಟು ಹಗುರ ಅಲ್ಲ, ಆದರೆ ಒಬ್ಬನೇ ಎತ್ತಬಹುದು, ನಾನು ಎತ್ತಿ ನೋಡಿದ್ದೀನಿ. ಸ್ಪೇರ್ ಪಾಂಡವಪುರದಲ್ಲೇ ಸಿಗುತ್ತೆ, ಮೈಸೂರಿಗೆ ಓಡಬೇಕಾಗಿಲ್ಲ. ಕೆಲಸಕ್ಕೂ ಮಣ್ಣಿಗೂ ಒಂದೇ ಗಾಡಿ ಅಂದರೆ ನಿನಗೆ ಇದೇ. ಉಳಿದ ದುಡ್ಡಲ್ಲಿ ಬೂಟು, ಮೊಣಕಾಲು ಗಾರ್ಡು, ಒಳ್ಳೆ ಟೈರು ತಗೋ.

ಟೂ ಸ್ಟ್ರೋಕ್ ವಿಷಯ ನನಗಿಂತ ಗೊತ್ತಿರೋರು ಹೇಳಲಿ. ನನಗೆ ಗೊತ್ತಿರೋದು ಯಮಾಹಾದ ಹಳೇ ಆರ್‌ಎಕ್ಸ್ 100 ಮಾತ್ರ. ನೂರು ಕೆಜಿ ಆಸುಪಾಸಿನ ಗಾಡಿಗೆ 11 ಕುದುರೆ ಶಕ್ತಿ ಕಟ್ಟಿದರೆ ಏನಾಗುತ್ತೆ ಅಂತ ಕಾಲೇಜು ದಿನಗಳಲ್ಲಿ ಕಂಡಿದ್ದೀನಿ.

ಮೈಸೂರು, ಯಾದವಗಿರಿಯಿಂದ:

ಪಾಂಡವಪುರದ ಅಣ್ಣ ತೂಕದ ವಿಷಯ ಎತ್ತಿದ್ದು ಬಹಳ ಸರಿ. ಟೂ ಸ್ಟ್ರೋಕ್ ಕಥೆಯೂ ಅಲ್ಲೇ ಶುರುವಾಗೋದು. ನಮ್ಮಪ್ಪ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸೋ ಕೆಲಸದಲ್ಲಿದ್ದರು. ಇದೇ ಯಾದವಗಿರಿಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿಗಳು ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ನಾನು ಇಪ್ಪತ್ತೈದು ವರ್ಷದಿಂದ ಅವೇ ಗಾಡಿಗಳನ್ನು ಬಿಚ್ಚಿ ಕಟ್ಟುತ್ತಿದ್ದೇನೆ.

ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ದಂಡ) ಎರಡು ಸುತ್ತು ಹೊಡೆದರೆ ಒಂದು ಸಲ ಪೆಟ್ರೋಲ್ ಉರಿಯುತ್ತೆ. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತೆ. ಫೋರ್ ಸ್ಟ್ರೋಕ್‌ನಂಥ ವಾಲ್ವ್ ಇಲ್ಲ, ಅದನ್ನು ತೆರೆಯೋ ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತೆ. ಹಗುರ, ಚುರುಕು ಎರಡಕ್ಕೂ ಇದೇ ಕಾರಣ. ತೊಂದರೆಯೂ ಇದರಿಂದಲೇ: ಸುಟ್ಟ ಹೊಗೆ ಹೊರಹೋಗೋ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್–ಗಾಳಿ ಒಳಗೆ ಬರುತ್ತೆ, ಅದರಲ್ಲಿ ಒಂದಿಷ್ಟು ಉರಿಯದೇ ಸೈಲೆನ್ಸರ್‌ಗೆ ಹೋಗುತ್ತೆ. ಅದರ ಜೊತೆ ಆಯಿಲ್ ಕೂಡ ಸುಡುತ್ತೆ. ಹೊಗೆ, ಮೈಲೇಜ್ ಕಮ್ಮಿ, ಕೊನೆಗೆ ಮಾಲಿನ್ಯದ ಕಾನೂನು, ಎಲ್ಲಾ ಆ ಒಂದು ಕಿಂಡಿಯಿಂದ.

ಆ ಕಿಂಡಿಯ ಜೊತೆ ಗುದ್ದಾಡಿದ್ದೇ ಟೂ ಸ್ಟ್ರೋಕ್‌ನ ಇತಿಹಾಸ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಹೊಟ್ಟೆ ಉಬ್ಬಿದ ಸೈಲೆನ್ಸರ್ ಬೆಳೆಸಿದರು. ಹೊರಹೋದ ಹೊಗೆಯ ಒತ್ತಡದ ಅಲೆ ಅದರ ಕೊನೆಗೆ ಬಡಿದು ವಾಪಸ್ ಬಂದು, ತಪ್ಪಿಸಿಕೊಳ್ಳುತ್ತಿರುವ ಪೆಟ್ರೋಲನ್ನು ಸಿಲಿಂಡರ್‌ಗೆ ಮರಳಿ ತಳ್ಳುತ್ತೆ. ಅವರ ರೇಸರ್ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದಾಗ ಆ ವಿದ್ಯೆ ಜಪಾನಿಗೆ ಹೋಯಿತು. ಆಮೇಲೆ ಒಳಬಂದ ಪೆಟ್ರೋಲ್–ಗಾಳಿ ವಾಪಸ್ ಹೋಗದಂತೆ ತಡೆಯೋ ರೀಡ್ ವಾಲ್ವ್, ಹೊಗೆ ಕಿಂಡಿಯ ಎತ್ತರ ಬದಲಿಸೋ ಪವರ್ ವಾಲ್ವ್ ಬಂದವು. ಆರ್‌ಎಕ್ಸ್ 100ಗೆ ರೀಡ್ ವಾಲ್ವ್ ಇತ್ತು, ನಮ್ಮ ಯೆಜ್ಡಿಗೆ ಇರಲಿಲ್ಲ. ಎರಡರ ಪಿಕಪ್‌ನಲ್ಲಿ ಇರೋ ವ್ಯತ್ಯಾಸದಲ್ಲಿ ಇದರ ಪಾಲು ದೊಡ್ಡದು. ಹೋಂಡಾ 1995ರ ಡಾಕರ್ ರ‍್ಯಾಲಿಗೆ ಇಎಕ್ಸ್‌ಪಿ-2 ಅನ್ನೋ 402 ಸಿಸಿ ಪ್ರಯೋಗದ ಟೂ ಸ್ಟ್ರೋಕ್ ಕಳಿಸಿ ಐದನೇ ಸ್ಥಾನ ತಂದಿತು.

ನಿಮ್ಮ ಸ್ನೇಹಿತ ಹೇಳಿದ ಇಂಜೆಕ್ಷನ್ ಸುಳ್ಳಲ್ಲ. ಕೆಟಿಎಂ ತನ್ನ 2018ರ ಮಾಡೆಲ್ 250, 300 ಇಎಕ್ಸ್‌ಸಿಗಳಲ್ಲಿ ಪೆಟ್ರೋಲ್–ಗಾಳಿ ಬೆರೆಸೋ ಕಾರ್ಬುರೇಟರ್ ತೆಗೆದು, ಸಿಲಿಂಡರ್‌ನ ಟ್ರಾನ್ಸ್‌ಫರ್ ಕಿಂಡಿಗಳಿಗೇ (ಹೊಸ ಗಾಳಿ ಒಳಬರೋ ಕಿಂಡಿಗಳು) ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ ತಂದಿತು. ಆಯಿಲ್ ಬೇರೆ ಟ್ಯಾಂಕಿನಲ್ಲಿ, ಎಷ್ಟು ಬೇಕೋ ಅಷ್ಟು ಪಂಪ್ ಕೊಡುತ್ತೆ. ಟ್ಯಾಂಕಿಗೆ ಬೆರೆಸೋ ಕೆಲಸ ಇಲ್ಲ. 2024ರ ಮಾಡೆಲ್‌ನಲ್ಲಿ ಮತ್ತೆ ಬದಲಾಯಿಸಿ ಇಂಜೆಕ್ಟರ್‌ಗಳನ್ನು ಥ್ರಾಟಲ್ ಬಾಡಿಗೆ (ಎಂಜಿನ್‌ಗೆ ಗಾಳಿ ಬಿಡೋ ಭಾಗ) ತಂದರು. ಪವರ್ ವಾಲ್ವ್ ಕೂಡ ಈಗ ಮೋಟಾರಿನಿಂದ ತೆರೆಯುತ್ತೆ. ಹಸ್ಕ್‌ವರ್ನಾ, ಗ್ಯಾಸ್‌ಗ್ಯಾಸ್‌ಗೂ ಅದೇ ಎಂಜಿನ್. ಆದರೆ ಯಮಾಹಾ ವೈಝಡ್ 125, 250ಗಳಲ್ಲಿ ಇವತ್ತಿಗೂ ಕಾರ್ಬುರೇಟರ್ ಬಿಟ್ಟಿಲ್ಲ. ಕೆಟಿಎಂನ 300 ಗಾಡಿ ಪೆಟ್ರೋಲ್ ಇಲ್ಲದೆ ನೂರೈದು ಕೆಜಿ ಆಸುಪಾಸು. ಆಸ್ಟ್ರಿಯಾದ ಎರ್ಜ್‌ಬರ್ಗ್‌ನಂಥ ಗಣಿ ಬೆಟ್ಟ ಹತ್ತೋ ರೇಸ್‌ಗಳಲ್ಲಿ ಮುಂದೆ ಇರೋರು ಹೆಚ್ಚಾಗಿ ಇವೇ 300 ಟೂ ಸ್ಟ್ರೋಕ್‌ಗಳ ಮೇಲೆ ಇರ್ತಾರೆ.

ಆದರೆ ಕಾಯೋದು ಬೇಡ. ಅವು ಸ್ಪರ್ಧೆಯ ಗಾಡಿಗಳು. ಸರ್ವಿಸ್ ಲೆಕ್ಕ ಕಿಲೋಮೀಟರ್‌ನಲ್ಲಲ್ಲ, ಓಡಿದ ಗಂಟೆಗಳಲ್ಲಿ. ಪಿಸ್ಟನ್ನೂ ಗಂಟೆ ಲೆಕ್ಕದಲ್ಲೇ ಬದಲಿಸಬೇಕು. ದಿನಾ ಮೂರು ಗಂಟೆ ಓಡಿಸೋ ನಿಮಗೆ ಅದು ಎಲ್ಲಿ ಹೊಂದುತ್ತೆ? ನಮ್ಮಲ್ಲಿ 2020ರಿಂದ ಬಿಎಸ್ 6 ಅನ್ನೋ ಹೊಗೆ ಮಾಲಿನ್ಯದ ನಿಯಮ ಇದೆ, ರಸ್ತೆಗೆ ನೋಂದಣಿಯಾಗೋ ಹೊಸ ಟೂ ಸ್ಟ್ರೋಕ್ ಬೈಕನ್ನು ಯಾವ ಕಂಪನಿಯೂ ಮಾರುತ್ತಿಲ್ಲ. 2024ರಲ್ಲಿ ಕೆಟಿಎಂ ಇಲ್ಲಿಗೆ ತಂದ ಟೂ ಸ್ಟ್ರೋಕ್‌ಗಳೆಂದರೆ 50, 65, 85 ಎಸ್‌ಎಕ್ಸ್. ಈ ಮೂರೂ ಗಾಡಿ ಟ್ರ್ಯಾಕ್‌ನಲ್ಲಿ ಮಕ್ಕಳು ಓಡಿಸೋಕೆ ಅಂತ ಇರೋವು.

ತಾತನ ರೋಡ್‌ಕಿಂಗ್ ದಯವಿಟ್ಟು ಕಲ್ಲಿಗೆ ಇಳಿಸಬೇಡಿ. ಕಾರಣ ಹೇಳ್ತೀನಿ. ಅದರಲ್ಲಿ ಎಂಜಿನ್‌ಗೆ ಆಯಿಲ್ ಬರೋದು ಪೆಟ್ರೋಲ್ ಜೊತೆಯಲ್ಲೇ. ಚಾಮುಂಡಿ ಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಗಾಡಿ ಇಳಿಸಿದರೆ ಎಂಜಿನ್ ಜೋರಾಗಿ ತಿರುಗುತ್ತೆ, ಆಯಿಲ್ ಮಾತ್ರ ಹೋಗಲ್ಲ. ಹೀಗೆ ಸಿಲಿಂಡರ್‌ನಲ್ಲಿ ಕಚ್ಚಿಕೊಂಡು ಸೀಜ್ ಆದ ಪಿಸ್ಟನ್‌ಗಳು ನನ್ನ ಬೆಂಚಿಗೆ ಎಷ್ಟು ಬಂದಿವೆಯೋ. ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡಬೇಕು. ಬಂಡೆ ಇಳಿಜಾರಿನಲ್ಲಿ ಬ್ರೇಕು, ಬ್ಯಾಲೆನ್ಸ್ ನೋಡ್ತಾ ಇದೆಲ್ಲಾ ಯಾರಿಗೆ ಆಗುತ್ತೆ? ಈಗಿನ ಎಥೆನಾಲ್ ಪೆಟ್ರೋಲ್ ನೀರು ಹೀರುತ್ತೆ, ಹಳೇ ರಬ್ಬರ್ ಪೈಪು, ವಾಷರ್‌ಗಳಿಗೂ ಆಗಲ್ಲ. ರೋಡ್‌ಕಿಂಗನ್ನು ರಸ್ತೆಗೆ ತನ್ನಿ, ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಬನ್ನಿ. ಆ ಗಾಡಿಗೆ ಅಷ್ಟು ಗೌರವ ಸಲ್ಲಬೇಕು.

ನಾಗಮಂಗಲದಿಂದ:

ಹಿಮಾಲಯನ್ ಬಗ್ಗೆ ನಾನು ಪೂರ್ತಿ ಒಪ್ಪಲ್ಲ. 450ರಲ್ಲಿ ಮನೆಯವರನ್ನೂ ಲಗೇಜನ್ನೂ ಕೂರಿಸಿಕೊಂಡು ಸ್ಪಿತಿವರೆಗೆ ಹೋಗಿ ಬಂದಿದ್ದೀನಿ, ಹಗುರ ಗಾಡಿಯಲ್ಲಿ ಅದು ಕಷ್ಟ. ಆದರೆ ಬೆಟ್ಟದ ಹಿಂದಿನ ಕಲ್ಲುದಾರಿಗೆ ಒಬ್ಬನೇ ಹೋಗೋದು ಅಂದರೆ ನಾನೂ ತಗೊಂಡು ಹೋಗಲ್ಲ.

ಮೈಸೂರು, ಕುವೆಂಪುನಗರದಿಂದ:

ನಾನು ಐದು ಅಡಿ ಎರಡು ಇಂಚು. ಎಕ್ಸ್‌ಪಲ್ಸ್ 210 ತಗೊಂಡು ಎಂಟು ತಿಂಗಳಾಯಿತು. ಸೀಟು 830 ಮಿಮೀ, ಒಂದೇ ಕಾಲು ಊರುತ್ತೆ, ಅದೂ ಬೆರಳ ತುದಿ. ಆಫ್‌ರೋಡ್‌ನಲ್ಲಿ ಅದು ದೊಡ್ಡ ವಿಷಯ ಅಲ್ಲ, ಹೆಚ್ಚು ಹೊತ್ತು ನಿಂತೇ ಓಡಿಸ್ತೀವಿ. ಸಿಗ್ನಲ್‌ನಲ್ಲಿ ಮಾತ್ರ ಅಭ್ಯಾಸ ಬೇಕಾಯಿತು.

ಎತ್ತೋದು ಹೇಗೆ ಅಂತ ಅಣ್ಣ ಬರೀಲಿಲ್ಲ, ನಾನು ಹೇಳ್ತೀನಿ. ಮೊದಲು ಎಂಜಿನ್ ಆಫ್. ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ಮೇಲೆ ಆ ಕಡೆ ಬೀಳುತ್ತೆ. ಬೆನ್ನು ಸೀಟಿಗೆ ಆನಿಸಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಪುಟ್ಟಪುಟ್ಟ ಹೆಜ್ಜೆ ಇಡ್ತಾ ಹಿಂದಕ್ಕೆ ತಳ್ಳಿ. ಶಕ್ತಿ ತೊಡೆಗಳಿಂದ ಬರಬೇಕು, ಸೊಂಟದಿಂದಲ್ಲ. ನನ್ನ ತೂಕ 54 ಕೆಜಿ. ಒಣ ನೆಲದಲ್ಲಿ ಒಬ್ಬಳೇ ಎತ್ತುತ್ತೇನೆ. ಕೆಸರಿನಲ್ಲಿ ಇನ್ನೂ ಆಗಿಲ್ಲ.

ದಾರಿ ವಿಷಯದಲ್ಲಿ ಒಂದು ಮಾತು. ಮೇಲುಕೋಟೆ ಸುತ್ತ 1974ರಿಂದ ವನ್ಯಜೀವಿ ಧಾಮ ಇದೆ, ತೋಳಗಳಿರೋ ಜಾಗ. ಅದರೊಳಗೆ ಚಕ್ರ ಇಡಬೇಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೂ ಬೇಡ. ತಡೆಗೋಡೆ ಇಲ್ಲದ ಕಡೆ ಎಷ್ಟು ಜೀವ ಹೋಗಿದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ರೈತರ ಜಮೀನಾದರೆ ಮೊದಲು ಕೇಳಿ. ನಾವು ಕೇಳಿದಲ್ಲೆಲ್ಲಾ ಬೇಡ ಅಂದವರು ಒಬ್ಬರೋ ಇಬ್ಬರೋ, ಎಳನೀರು ಕೊಟ್ಟವರೇ ಹೆಚ್ಚು.

ಕೇಳಿದವರು, ಮಂಡ್ಯದಿಂದ:

ಅಣ್ಣ, ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸ್ನೇಹಿತನ ಎಕ್ಸ್‌ಪಲ್ಸನ್ನು ಖಾಲಿ ಸೈಟಿನಲ್ಲಿ ನಿಧಾನಕ್ಕೆ ಮಲಗಿಸಿ, ಅಕ್ಕ ಹೇಳಿದ ಹಾಗೆ ಎತ್ತಿದೆ. ಎರಡನೇ ಸಲಕ್ಕೆ ಎದ್ದಿತು. ಶನಿವಾರ 210 ಟೆಸ್ಟ್ ರೈಡ್ ಬುಕ್ ಮಾಡಿದ್ದೀನಿ. ಕೆಎಲ್‌ಎಕ್ಸ್‌ನಲ್ಲೂ ಒಂದು ಸಲ ಕೂತು ನೋಡ್ತೀನಿ, ಆಸೆ ಹೋಗಿಲ್ಲ. ಯಾದವಗಿರಿ ಅಣ್ಣ, ರೋಡ್‌ಕಿಂಗ್ ಕಿಕ್ಕರ್ ಅರ್ಧಕ್ಕೇ ನಿಲ್ಲುತ್ತೆ. ಟೆಂಪೋದಲ್ಲಿ ಹಾಕಿಕೊಂಡು ಬಂದರೆ ನೋಡ್ತೀರಾ?

ಮೈಸೂರು, ಯಾದವಗಿರಿಯಿಂದ:

ತನ್ನಿ. ಅಲ್ಲಿವರೆಗೆ ಇನ್ನೊಂದು ಸಲವೂ ಕಿಕ್ ಹೊಡೆಯಬೇಡಿ, ಪಿಸ್ಟನ್ ರಿಂಗ್ ತುಕ್ಕು ಹಿಡಿದು ಅಂಟಿರಬಹುದು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಎರಡು ಚಮಚ ಟೂ-ಟಿ (ಟೂ ಸ್ಟ್ರೋಕ್) ಆಯಿಲ್ ಬಿಟ್ಟು ಪ್ಲಗ್ ಮತ್ತೆ ಹಾಕಿಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಬಸಿದು ಬನ್ನಿ. ತಾತನ ಆರ್‌ಸಿ ಬುಕ್ ಸಿಕ್ಕಿದರೆ ಅದನ್ನೂ ತನ್ನಿ, ಎಂಜಿನ್ ನಂಬರ್ ತಾಳೆ ನೋಡೋಣ.