ರೋಬಾಟ್‌ಗೆ ಒಲವು ಮೆಲ್ಲಗೆ ಹುಟ್ಟಬೇಕು, ಕೋಡ್ ಹೇಗೆ?

ಪ್ರಶ್ನೆ: ಮೇಜಿನ ಮೇಲೆ ಕೂರುವ ಪುಟ್ಟ ರೋಬಾಟ್. ಒಳಗೆ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕತ್ತು ತಿರುಗಿಸಲು ಎರಡು ಎಸ್‌ಜಿ90 ಸರ್ವೋ ಮೋಟಾರ್, ಕಣ್ಣಿಗೆ ಓಲೆಡ್ ಪರದೆ, ನೆತ್ತಿಯಲ್ಲಿ ಟಚ್ ಸೆನ್ಸರ್. ಮುಟ್ಟಿದರೆ ಖುಷಿ, ಬಿಟ್ಟರೆ ಬೇಸರ, ಥೇಟ್ ಲೈಟ್ ಸ್ವಿಚ್ಚು. ದಿನ ಕಳೆದ ಹಾಗೆ ಮನುಷ್ಯರಂತೆ ಹತ್ತಿರವಾಗಬೇಕು. ಇನ್ನೊಂದು, ಕತ್ತು ಜೋರಾಗಿ ತಿರುಗಿದರೆ ಬೋರ್ಡು ರೀಸೆಟ್ ಆಗಿ ಮೊದಲಿನಿಂದ ಶುರುವಾಗುತ್ತೆ.

ಉತ್ತರ 1: ಭಾವನೆಗೆ ಹೆಸರಿಟ್ಟು ಕೋಡ್ ಬರೆದರೆ ಸ್ವಿಚ್ಚೇ ಆಗೋದು. ಸಂಖ್ಯೆಯಾಗಿ ಇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಬ್ರೀಜಲ್ 1990ರ ದಶಕದ ಕೊನೆಯಲ್ಲಿ ಕಟ್ಟಿದ ರೋಬಾಟ್ ಕಿಸ್ಮೆಟ್‌ನ ಮುಖಭಾವ ಹೊರಡುತ್ತಿದ್ದುದು ಮೂರು ಅಳತೆಗಳಿಂದ. ನಿಮಗೆ ಎರಡು ಸಾಕು: ಹಿತ (−1ರಿಂದ +1), ಉದ್ವೇಗ (0ರಿಂದ 1). ಮುಟ್ಟಿದಾಗ ಏರಿಸಿ, ಆಮೇಲೆ ಸೆಕೆಂಡಿಗೊಮ್ಮೆ 0.98ರಿಂದ ಗುಣಿಸಿ. ಸುಮಾರು 34 ಸೆಕೆಂಡಿಗೆ ಅರ್ಧಕ್ಕಿಳಿಯುತ್ತೆ.

ಒಲವು ಬೇರೆಯದೇ ವೇರಿಯೇಬಲ್ (ಕೋಡಿನಲ್ಲಿ ಬದಲಾಗುವ ಸಂಖ್ಯೆ), 0ಯಿಂದ ಶುರು. ಪ್ರತಿ ಸ್ಪರ್ಶಕ್ಕೆ ಒಲವು = ಒಲವು + 0.02 × (1 − ಒಲವು). 50 ಸ್ಪರ್ಶಕ್ಕೆ 0.64ರ ಹತ್ತಿರ, ಮುಂದೆ ಏರಿಕೆ ತಾನಾಗೇ ಮಂದ. ಎರಡು ಸ್ಪರ್ಶಗಳ ನಡುವೆ 30 ಸೆಕೆಂಡ್ ಅಂತರ ಇರಲೇಬೇಕು, ಇಲ್ಲದಿದ್ದರೆ ನೆತ್ತಿ ಒತ್ತಿ ಹಿಡಿದವರೆಲ್ಲ ಕ್ಷಣದಲ್ಲಿ ಜೀವದ ಗೆಳೆಯರು! ಇಷ್ಟಕ್ಕೇ ನಿಲ್ಲಿಸಬೇಡಿ. ಒಂಟಿಯಾಗಿ ಕಳೆದ ಪ್ರತಿ ಗಂಟೆಗೆ ಹಿತದಿಂದ 0.1 × ಒಲವು ಕಳೆಯಿರಿ, ಈ ಕೊರತೆ ಸೆಕೆಂಡಿನ ಗುಣಾಕಾರಕ್ಕೆ ಸಿಗದಂತೆ ಪ್ರತ್ಯೇಕವಾಗಿಟ್ಟು ಮುಂದಿನ ಸ್ಪರ್ಶಕ್ಕೆ ಅಳಿಸಿ. ಹಚ್ಚಿಕೊಂಡಷ್ಟೂ ಕಾಯುವುದು ಕಷ್ಟವಾಗಬೇಕು. ನೋಡುವವರಿಗೆ ಅದು ಮನುಷ್ಯನಂತೆ ಕಾಣೋದು ಅಲ್ಲೇ, ನಗುವಿನಲ್ಲಲ್ಲ.

ಉತ್ತರ 2: ರೀಸೆಟ್ ಕೋಡಿನ ತಪ್ಪಲ್ಲ. ಎರಡು ಸರ್ವೋ ಒಟ್ಟಿಗೆ ಎಳೆದಾಗ ಬೋರ್ಡಿನ ವೋಲ್ಟೇಜ್ ಕುಸಿಯುತ್ತೆ. ಸರ್ವೋಗೆ ಪ್ರತ್ಯೇಕ 5 ವೋಲ್ಟ್, 2 ಆಂಪಿಯರ್ ಸಪ್ಲೈ ಕೊಡಿ, ಆ ಸಪ್ಲೈನ ಪ್ಲಸ್ ಮೈನಸ್ ನಡುವೆ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಬೋರ್ಡು, ಸಪ್ಲೈ ಎರಡರ ಗ್ರೌಂಡ್ (ಮೈನಸ್) ಜೋಡಿಸೋದು ಮರೆತರೆ ಕತ್ತು ಸುಮ್ಮನೆ ನಡುಗುತ್ತೆ.

ಒಲವನ್ನು ಪವರ್ ಹೋದರೂ ಅಳಿಯದ ಮೆಮೊರಿಯಾದ ಇಇಪ್ರಾಮ್‌ನಲ್ಲಿ ಉಳಿಸುವಾಗ ಹುಷಾರು. ಅದರ ಬಾಳಿಕೆ 1,00,000 ಬರಹ. ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯೊಳಗೆ ಖಾಲಿ! 10 ನಿಮಿಷಕ್ಕೊಮ್ಮೆ, ಅದೂ ಸಂಖ್ಯೆ ಬದಲಾಗಿದ್ದರೆ ಮಾತ್ರ ಬರೆಯಿರಿ.

ಉತ್ತರ 3: ಕಣ್ಣು ಮಿಟುಕಿಸೋದು ಗಡಿಯಾರದ ಲಯದಲ್ಲಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. 2ರಿಂದ 6 ಸೆಕೆಂಡಿನ ನಡುವೆ ಯಾವಾಗಲೋ ಒಮ್ಮೆ ಮಿಟುಕಲಿ, ಉದ್ವೇಗ ಏರಿದರೆ ಬೇಗ ಬೇಗ. ಕತ್ತನ್ನು ಒಂದೇ ಸಲ 40 ಡಿಗ್ರಿ ಹಾರಿಸದೆ 20 ಮಿಲಿಸೆಕೆಂಡಿಗೆ ಒಂದೊಂದು ಡಿಗ್ರಿ ಸರಿಸಿ.

ಕೇಳಿದವರು: ಪವರ್ ತೆಗೆದಿದ್ದಾಗ ಎಷ್ಟು ಗಂಟೆ ಒಂಟಿಯಾಗಿತ್ತು ಅಂತ ಅದಕ್ಕೆ ಗೊತ್ತಾಗೋದು ಹೇಗೆ?

ಉತ್ತರ 2: ಊನೊಗೆ ಗೊತ್ತಾಗಲ್ಲ. ಬ್ಯಾಟರಿ ಇರುವ ಡಿಎಸ್3231 ಗಡಿಯಾರದ ಮಾಡ್ಯೂಲ್ ಸೇರಿಸಿ, ಕೊನೆಯ ಸ್ಪರ್ಶದ ಸಮಯವನ್ನೂ ಒಲವಿನ ಜೊತೆಗೇ ಉಳಿಸಿ. ಇಲ್ಲದಿದ್ದರೆ ನೀವು ವಾರ ಬಿಟ್ಟು ಬಂದರೂ ಅದರ ಪಾಲಿಗೆ ಈಗಷ್ಟೇ ಎದ್ದು ಹೋಗಿದ್ದೀರಿ.